ಮಡಚುವ ಸೈಕಲ್ಲಿನ ಜಮಾ-ಖರ್ಚು

“ತಾತ, ನಿಮಗೆ ಸೈಕಲ್ ಬರುತ್ತಾ?”

ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪುಟ್ಟಿ ಹೀಗೆ ಕೇಳಿದಾಗ ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ತಿಪಟೂರಿನಲ್ಲಿ ಗಂಟೆಗೆ ಹತ್ತು ಪೈಸೆ ಕೊಟ್ಟು ಬಾಡಿಗೆ ಸೈಕಲ್ ತಂದು, ಸೀಟಿನ ಮೇಲೆ ಕೂತರೆ ಕಾಲು ನಿಲುಕದೆ ಒಳಪೆಡಲ್ ಹೊಡೆದು, ಎರಡೂ ಮೊಣಕಾಲು ತರಚಿಕೊಂಡು ಕಲಿತವನು ನಾನು. ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ಮೊದಲ ಒಂಬತ್ತು ವರ್ಷ ಶಾಖೆಗೆ ಹೋಗಿ ಬಂದದ್ದೂ ಸೈಕಲ್ಲಿನಲ್ಲೇ. ಆಮೇಲೆ ಸ್ಕೂಟರ್ ಬಂತು, ಸೈಕಲ್ ಹೋಯಿತು.

“ಬರುತ್ತೆ ಕಣೇ. ಯಾಕೆ?”

ಪುಟ್ಟಿ ಫೋನನ್ನು ನನ್ನ ಮುಂದೆ ಹಿಡಿದಳು. ಪುಟ್ಟ ಚಕ್ರಗಳ ಕೆಂಪು ಸೈಕಲ್ಲೊಂದು ಅರ್ಧಕ್ಕೆ ಮಡಚಿಕೊಂಡು, ಚಳಿಗಾಲದ ಬೆಕ್ಕಿನ ಹಾಗೆ ಮುದುರಿ ಕೂತಿತ್ತು. ಕೆಳಗೆ ‘ಸೆಕೆಂಡ್ ಹ್ಯಾಂಡ್, 4,500 ರೂಪಾಯಿ’ ಎಂದು ಬರೆದಿತ್ತು.

“ನಾವಿಬ್ಬರೂ ಸೇರಿ ತಗೊಳ್ಳೋಣ ತಾತ. ನನ್ನ ಹುಂಡಿಯಲ್ಲಿ 1,800 ಇದೆ.”

ನಾನು ಕೂಡಲೇ ‘ಬೇಡ’ ಅನ್ನಲಿಲ್ಲ. ಅದಕ್ಕೆ ಕಾರಣವಿದೆ.

ಬೇಕು ಅನ್ನಿಸಿದ್ದೇಕೆ?

ಎರಡು ವರ್ಷದ ಹಿಂದೆ ಮಳೆಯಲ್ಲಿ ನನ್ನ ಸ್ಕೂಟರ್ ಜಾರಿತು. ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮಗ ಸ್ಕೂಟರನ್ನು ಮಾರಿಬಿಟ್ಟಿದ್ದ. ಅವನದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿಂದ ಮುಂದೆ, ನಡೆದು ಹೋಗಲಾಗದ ಕಡೆಗೆಲ್ಲ ‘ಸ್ವಲ್ಪ ಬಿಡ್ತೀಯೇನಪ್ಪಾ’ ಎಂದು ಯಾರನ್ನಾದರೂ ಕೇಳಬೇಕಾಯಿತು. ಬಿಡುವವರಿಗೆ ಬೇಸರವಿಲ್ಲ, ಕೇಳುವವನಿಗಿದೆ. ನನ್ನ ವಯಸ್ಸಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ನನ್ನ ಅಕ್ಕ. ಅವಳಿಗೀಗ 81 ವರ್ಷ, ಜಾಲಹಳ್ಳಿಯಲ್ಲಿ ಮಗಳ ಜೊತೆಗಿದ್ದಾಳೆ. ಕಿವಿ ಮಂದವಾಗಿರುವುದರಿಂದ ಫೋನಿನಲ್ಲಿ ಮಾತು ಸಾಗದು. ಎದುರಿಗೆ ಕೂತೇ ಮಾತಾಡಬೇಕು. ನಮ್ಮ ಮನೆ ಇರುವುದು ಬನಶಂಕರಿ ಕಡೆ. ಮೆಟ್ರೋ ಹಸಿರು ಮಾರ್ಗದಲ್ಲಿ ಬನಶಂಕರಿಯಲ್ಲಿ ಹತ್ತಿದರೆ ಜಾಲಹಳ್ಳಿಯಲ್ಲಿ ಇಳಿಯಬಹುದು, ಎಲ್ಲೂ ಬದಲಾಯಿಸಬೇಕಿಲ್ಲ. ಕಷ್ಟವಿರುವುದು ಎರಡು ತುದಿಗಳಲ್ಲಿ. ಈ ಕಡೆ ಎರಡು ಕಿಲೋಮೀಟರ್, ಆ ಕಡೆ ಒಂದೂವರೆ. ನಡೆದರೆ ಮಂಡಿ ನೋಯುತ್ತದೆ. ಇಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗುವಂತಾಗಿತ್ತು. ಸೈಕಲ್ಲನ್ನು ಮಡಚಿ ಮೆಟ್ರೋದಲ್ಲಿ ಒಯ್ದರೆ? ಯೋಚನೆ ಬಂದದ್ದೇ ತಡ, ಮನಸ್ಸು ಆಗಲೇ ಜಾಲಹಳ್ಳಿ ಮುಟ್ಟಿತ್ತು.

ಪುಟ್ಟಿಯ ಕಾರಣ ಸರಳ. ಅವಳ ಹಿಂದಿನ ಸೈಕಲ್ಲನ್ನು ಕಾಂಪೌಂಡಿನ ಒಳಗಿಂದಲೇ ಯಾರೋ ಕದ್ದೊಯ್ದಿದ್ದರು. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಗಾಡಿ ನಿಲ್ಲಿಸಲು ಜಾಗವಿಲ್ಲ. ಮಡಚಿದರೆ ಒಳಗಿಡಬಹುದಲ್ಲ ಎಂಬುದು ಅವಳ ಲೆಕ್ಕ.

ರಾತ್ರಿ ಊಟದ ಹೊತ್ತಿಗೆ ವಿಷಯ ಎಲ್ಲರ ಮುಂದೆ ಬಂತು. ಮಗ, “ಅಪ್ಪ, ಈ ವಯಸ್ಸಿನಲ್ಲಿ ಮತ್ತೆ ಬಿದ್ದರೆ ಮೂಳೆ ಕೂಡೋದು ಸುಲಭ ಅಲ್ಲ” ಅಂದ. ನನ್ನಾಕೆ, “ರೀ, ಮೊದಲು ಆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ, ಆಮೇಲೆ ಸೈಕಲ್ ಮಾತು” ಅಂದಳು. ಸೊಸೆ ಮಾತ್ರ, “ಒಂದು ಸಲ ಹೋಗಿ ನೋಡಿಕೊಂಡಾದರೂ ಬನ್ನಿ ಮಾವ” ಅಂದಳು.

ನಾನು ಹಳೆಯ ಡೈರಿಯೊಂದನ್ನು ತೆಗೆದು, ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಅನುಕೂಲ, ಬಲಕ್ಕೆ ಅನಾನುಕೂಲ. ಬಲಗಡೆಯ ಮೊದಲ ಸಾಲನ್ನು ಮಗನ ಕೈಯಲ್ಲೇ ಬರೆಸಿದೆ: ‘ಬೀಳುವ ಭಯ.’ ಬೇಡ ಅನ್ನುವವರ ಮಾತನ್ನು ಅವರ ಅಕ್ಷರದಲ್ಲೇ ಬರೆಸಿಕೊಂಡರೆ ಮುಂದೆ ತಕರಾರು ಕಡಿಮೆ. ಇದು ಬ್ಯಾಂಕಿನಲ್ಲಿ ಕಲಿತ ಪಾಠ.

ಮಡಚುವ ಸೈಕಲ್ ಹುಟ್ಟಿದ ಬಗೆ

ಮಕ್ಕಳೇ, ಇದು ಮೊನ್ನೆ ಮೊನ್ನೆ ಬಂದ ಆಟಿಕೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಿಎಸ್‌ಎ ಕಂಪನಿ ಪ್ಯಾರಾಚೂಟ್ ಸೈನಿಕರಿಗಾಗಿ ಮಡಚುವ ಸೈಕಲ್ ಮಾಡಿತ್ತು. ವಿಮಾನದಿಂದ ಧುಮುಕಿದ ಸೈನಿಕ ನೆಲ ಮುಟ್ಟಿದ ಮೇಲೆ ಅದನ್ನು ಬಿಚ್ಚಿ ಹತ್ತಿ ಹೊರಡಬೇಕು. ಅದೇ ಬಿಎಸ್‌ಎ ಹೆಸರಿನ ಸೈಕಲ್ಲುಗಳು ನಮ್ಮ ಊರುಗಳಲ್ಲೂ ಓಡಾಡಿವೆ. ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ.

1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ ತಮ್ಮ ಮನೆಯಲ್ಲೇ ಒಂದು ಮಾದರಿ ತಯಾರಿಸಿದರು. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೇಟರಿ ಎಂಬ ಚರ್ಚಿನ ಹೆಸರನ್ನೇ ಸೈಕಲ್ಲಿಗೂ ಇಟ್ಟರು. ಬ್ರಾಂಪ್ಟನ್ ಇಂದು ಲೋಕಪ್ರಸಿದ್ಧ. ಆ ದಶಕದ ಪೆಟ್ರೋಲ್ ಅಭಾವ ಕಂಡ ಡೇವಿಡ್ ಹಾನ್ ಎಂಬ ಲೇಸರ್ ವಿಜ್ಞಾನಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಹಾದಿ ಹಿಡಿದು, 1982ರಲ್ಲಿ ಡಾಹಾನ್ ಕಂಪನಿ ಕಟ್ಟಿದರು. ಯುದ್ಧಕ್ಕೆ ಒದಗಿದ ಉಪಾಯ ಹೀಗೆ ಕಚೇರಿಗೆ ಹೋಗುವವರ ಕೈಗೆ ಬಂತು.

ಕೆಂಪು ಸೈಕಲ್ಲಿನ ಸ್ಟಿಕ್ಕರ್

ಭಾನುವಾರ ಬೆಳಿಗ್ಗೆ ಕೆಂಪು ಸೈಕಲ್ ನೋಡಲು ಹೋದೆವು. ಒರೆಸಿ ಪಾಲಿಶ್ ಹಾಕಿದ್ದರು. ಪುಟ್ಟಿ ಅದರ ಸುತ್ತ ಎರಡು ಸುತ್ತು ಬಂದು ಬೆಲ್ ಹೊಡೆದಳು. ಅವಳ ಮಟ್ಟಿಗೆ ವ್ಯಾಪಾರ ಮುಗಿದಿತ್ತು. ಅಲ್ಯುಮಿನಿಯಂ ಚೌಕಟ್ಟು, ಹಗುರವಾಗಿತ್ತು. ನಾನು ಒಂದು ಒದ್ದೆ ಬಟ್ಟೆ ಕೇಳಿದೆ.

ಮಾಮೂಲಿ ಸೈಕಲ್ಲಿನ ಚೌಕಟ್ಟು ಒಂದೇ ಅಖಂಡ. ಮಡಚುವ ಸೈಕಲ್ಲಿನ ನಡುವೆ ಬಾಗಿಲಿನ ಕೀಲಿನಂಥದೊಂದು ಕೀಲು, ಅದನ್ನು ಬಿಗಿಹಿಡಿಯಲು ಒಂದು ಕ್ಲಾಂಪು ಇರುತ್ತವೆ. ಹ್ಯಾಂಡಲಿನ ಬುಡದಲ್ಲಿ ಇನ್ನೊಂದು. ಸವಾರನ ಭಾರ, ಗುಂಡಿಗಳ ಏಟು ಎಲ್ಲ ಹಾದುಹೋಗುವುದು ಅಲ್ಲೇ. ಆ ಕೀಲಿದೆ ಎಂದೇ ಅದಕ್ಕೆ ಬೆಲೆ. ಅದು ಕೈಕೊಟ್ಟರೆ ಹಲ್ಲು ಮುರಿಯುವುದು ನಮ್ಮದು.

ಕೀಲಿನ ಪಕ್ಕದಲ್ಲೇ ಹೂವಿನ ಸ್ಟಿಕ್ಕರ್ ಒಂದಿತ್ತು. ಅದರ ಅಂಚನ್ನು ಬಟ್ಟೆಯಿಂದ ಉಜ್ಜಿದಾಗ ಸ್ವಲ್ಪ ಮೇಲೆದ್ದಿತು. ಬೆಸುಗೆಯ ಅಂಚಿನಿಂದ ಹೊರಟ ಕಪ್ಪು ಗೆರೆಯೊಂದು ಕಂಡಿತು. ಕೂದಲಿನಷ್ಟು ಸಣ್ಣದು, ಉಗುರಿನಷ್ಟು ಉದ್ದ.

“ಅದು ಬಣ್ಣ ಬಿರಿದಿರೋದು ಅಷ್ಟೇ ಸಾರ್” ಅಂದರು ಮಾರುವವರು.

ಇರಬಹುದು. ಆದರೆ ಬರೀ ಬಣ್ಣವೋ, ಒಳಗಿನ ಲೋಹವೋ ಎಂದು ಅಲ್ಲಿ ನಿಂತು ಹೇಳಲು ನನಗೆ ಸಾಧ್ಯವಿರಲಿಲ್ಲ. ಕಬ್ಬಿಣವಾದರೆ ಮುರಿಯುವ ಮೊದಲು ಸಾಮಾನ್ಯವಾಗಿ ಬಾಗಿ ಎಚ್ಚರಿಕೆ ಕೊಡುತ್ತದೆ. ಬಿರುಕು ಬಿಟ್ಟ ಅಲ್ಯುಮಿನಿಯಂ ಒಮ್ಮೆಲೇ ತುಂಡಾಗಬಹುದು. ಅದಕ್ಕೆ ಬೀದಿಬದಿಯ ವೆಲ್ಡಿಂಗ್ ನಂಬುವಂಥದ್ದಲ್ಲ. ಬಿಲ್ ಇದೆಯೇ ಎಂದು ಕೇಳಿದೆ. ಕಳೆದುಹೋಗಿದೆ ಅಂದರು. “ಬೇಡಿ, ಬರುತ್ತೇವೆ” ಎಂದು ಎದ್ದೆ.

ಪುಟ್ಟಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಎರಡು ದಿನ ಆಡಲಿಲ್ಲ. ಮೂರನೇ ದಿನ ನಾನೇ ಅವಳಿಗೆ ಒಡವೆ ಸಾಲದ ಕಥೆ ಹೇಳಿದೆ.

ನಮ್ಮ ಶಾಖೆಯಲ್ಲಿ ಚಿನ್ನ ಪರೀಕ್ಷಿಸುವ ಹಿರಿಯರೊಬ್ಬರಿದ್ದರು. ಯಾರು ಎಷ್ಟೇ ಥಳಥಳಿಸುವ ಸರ ತಂದರೂ ಅವರು ಪದಕವನ್ನು ನೋಡುತ್ತಿರಲಿಲ್ಲ. ಮೊದಲು ಕೊಂಡಿಯನ್ನು ಭೂತಗನ್ನಡಿಯ ಕೆಳಗೆ ಹಿಡಿಯುತ್ತಿದ್ದರು. ‘ಕಾಣೋ ಕಡೆ ಎಲ್ಲರೂ ಚೆನ್ನಾಗೇ ಮಾಡಿರ್ತಾರೆ, ಸೇರೋ ಕಡೆ ನೋಡಬೇಕು’ ಅನ್ನುತ್ತಿದ್ದರು. ಒಮ್ಮೆ ನನಗೆ ಬೇಕಾದವರೇ ಒಂದು ಸರ ತಂದಾಗ ನಾನು ಅವಸರ ಮಾಡಿದ್ದೆ. ಅವರು ಜಗ್ಗಲಿಲ್ಲ. ಉಜ್ಜಿ ನೋಡಿದರೆ ಕೊಂಡಿಯ ಒಳಗೆ ತಾಮ್ರ ಇಣುಕಿತು. ಪಾಪ, ತಂದವರಿಗೂ ಅದು ಗೊತ್ತಿರಲಿಲ್ಲ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರು ಸುಳ್ಳು ಹೇಳಿರಲಿಕ್ಕಿಲ್ಲ ಅಲ್ವಾ ತಾತ?” ಅಂದಳು.

“ಹೇಳಿರಲಿಕ್ಕಿಲ್ಲ. ಆದರೆ ಗೊತ್ತಿಲ್ಲದ ಕಡೆ ನಿನ್ನನ್ನು ಕೂರಿಸೋಕೆ ನನಗಾಗಲ್ಲ.”

ಟೇಪು, ತೂಕದ ಯಂತ್ರ ಮತ್ತು ನಾವು

ಮೂರು ವಾರದ ನಂತರ ಇನ್ನೊಂದು ಸಿಕ್ಕಿತು. ಬೂದು ಬಣ್ಣ, ಕಬ್ಬಿಣದ ಚೌಕಟ್ಟು, ಗೇರ್ ಇಲ್ಲ, ಅಲ್ಲಲ್ಲಿ ಗೀರು. ಪುಣೆಗೆ ಮನೆ ಬದಲಾಯಿಸುತ್ತಿದ್ದ ದಂಪತಿ ಮಾರುತ್ತಿದ್ದರು. ಕೇಳಿದ್ದು 8,000. ನಾಲ್ಕು ವರ್ಷದ ಹಿಂದಿನ 15,500 ರೂಪಾಯಿಯ ಬಿಲ್ಲು ಫೈಲಿನಲ್ಲಿ ಭದ್ರವಾಗಿತ್ತು. ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಕೊರೆದ ಚೌಕಟ್ಟಿನ ನಂಬರಿಗೂ ಬಿಲ್ಲಿನ ನಂಬರಿಗೂ ತಾಳೆಯಾಯಿತು. ಕದ್ದ ಮಾಲಲ್ಲ ಎಂಬ ನೆಮ್ಮದಿ ಒಂದು.

ಈ ಸಲ ಬಟ್ಟೆಯನ್ನು ಪುಟ್ಟಿಯೇ ಹಿಡಿದಳು. ಕೀಲು, ಬೆಸುಗೆ, ಹ್ಯಾಂಡಲಿನ ಬುಡ ಎಲ್ಲ ಒರೆಸಿ ನೋಡಿದಳು. ಬಿರುಕಿರಲಿಲ್ಲ. ಆಮೇಲೆ ಮುಂದಿನ ಬ್ರೇಕು ಬಿಗಿಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದೆ; ಪುಟ್ಟಿ ಕೀಲಿನ ಮೇಲೆ ಬೆರಳಿಟ್ಟಿದ್ದಳು. ಕೀಲು ಸವೆದಿದ್ದರೆ ‘ಟಕ್ ಟಕ್’ ಎಂದು ಬೆರಳಿಗೆ ತಿಳಿಯುತ್ತದೆ. ತಿಳಿಯಲಿಲ್ಲ. ಐದು ಸಲ ಮಡಚಿದೆವು, ಐದು ಸಲ ಬಿಚ್ಚಿದೆವು. ಸೀಟಿನ ಉದ್ದ ಕಂಬದ ಮೇಲೆ, ಇದಕ್ಕಿಂತ ಮೇಲೆ ಎಳೆಯಬೇಡಿ ಎಂಬ ಗೆರೆ ಕೊರೆದಿರುತ್ತದೆ. ನನ್ನ ಎತ್ತರಕ್ಕೆ ಏರಿಸಿದರೂ ಆ ಗೆರೆ ಒಳಗೇ ಉಳಿಯಿತು. ಚಕ್ರ ತಿರುಗಿಸಿದಾಗ ಹಿಂದಿನದು ತುಸು ಓಲಾಡಿತು. ಅದು ದೊಡ್ಡ ದೋಷವಲ್ಲ, ಕಡ್ಡಿ ಬಿಗಿದು ಬೆಂಡ್ ತೆಗೆಸಿದರೆ ಸಾಕು. ಟೈರುಗಳ ಪಕ್ಕ ಮಾತ್ರ ಒಣಗಿ ಸೀಳಿದ್ದವು.

ನಂತರ ತೂಕ. ಮನೆಯಿಂದ ಒಯ್ದಿದ್ದ ಯಂತ್ರದ ಮೇಲೆ ನಾನು ಬರಿಗೈಯಲ್ಲಿ ನಿಂತಾಗ 63 ಕಿಲೋ, ಸೈಕಲ್ ಎತ್ತಿಕೊಂಡು ನಿಂತಾಗ 77.5. ಅಂದರೆ ಸೈಕಲ್ 14.5 ಕಿಲೋ, ಹೆಚ್ಚುಕಡಿಮೆ ಖಾಲಿ ಗ್ಯಾಸ್ ಸಿಲಿಂಡರಿನಷ್ಟು. ಎತ್ತಿ ಇಳಿಸುವಷ್ಟರಲ್ಲಿ ನನಗೆ ಉಸಿರು ಬಂತು. ಎರಡು ಮಹಡಿ ಹೊರುವುದು ನನ್ನಿಂದಾಗದು ಎಂದು ಆ ಕ್ಷಣವೇ ಗೊತ್ತಾಯಿತು.

ಕೊನೆಗೆ ಟೇಪು. ಮಡಚಿದಾಗ ಉದ್ದ 80, ಎತ್ತರ 65, ದಪ್ಪ 38 ಸೆಂಟಿಮೀಟರ್.

ಪುಟ್ಟಿ ತನ್ನ ಚೀಟಿ ತೆಗೆದು ನೋಡಿ ಮುಖ ಸಣ್ಣದು ಮಾಡಿದಳು. ‘ನಮ್ಮ ಮೆಟ್ರೋ’ 2020ರ ನವೆಂಬರ್‌ನಲ್ಲಿ ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟಾಗ ಹಾಕಿದ ಷರತ್ತುಗಳನ್ನು ಅವಳು ಬರೆದುಕೊಂಡಿದ್ದಳು: ಹೊದಿಕೆ ಹಾಕಿರಬೇಕು, ಕೊನೆಯ ಬೋಗಿಯಲ್ಲಿ ಹತ್ತಬೇಕು, ತೂಕ 15 ಕಿಲೋ ಮೀರಬಾರದು, ಅಳತೆ 60, 45, 25 ಸೆಂಟಿಮೀಟರ್ ಮೀರಬಾರದು. ತೂಕದಲ್ಲಿ ನಾವು ಪಾಸು, ಅಳತೆಯಲ್ಲಿ ಫೇಲು.

“ತಾತ, 20 ಇಂಚಿನ ಚಕ್ರ ಅಂದರೇನೇ ಸುಮಾರು 51 ಸೆಂಟಿಮೀಟರ್. ಅದು 45ರೊಳಗೆ ಹೇಗೆ ಹಿಡಿಸುತ್ತೆ? ಮನೆಯಲ್ಲೇ ಗುಣಿಸಿ ನೋಡಬಹುದಿತ್ತು.”

ಹೌದು, ಮೂವತ್ತಾರು ವರ್ಷ ಲೆಕ್ಕ ಬರೆದವನಿಗೆ ಅದು ಹೊಳೆಯಲಿಲ್ಲ. ಮೆಟ್ರೋದಲ್ಲಿ ಒಯ್ಯುವ ಆಸೆಯಿರುವವರು 16 ಇಂಚು ಅಥವಾ ಅದಕ್ಕಿಂತ ಸಣ್ಣ ಚಕ್ರದ್ದನ್ನೇ ನೋಡಬೇಕು. ಅದನ್ನೂ ಅಳೆದು, ನಿಲ್ದಾಣದಲ್ಲಿ ಕೇಳಿಕೊಂಡೇ ಹಣ ಕೊಡಬೇಕು. ಆದರೆ ಸಣ್ಣ ಚಕ್ರಕ್ಕೆ ಟೈರು ಸಿಗುವುದು ಕಷ್ಟವಾಗಬಹುದು. 20 ಇಂಚಿನ ಟೈರನ್ನು ಮಕ್ಕಳ ಸೈಕಲ್ಲಿಗೂ ಹಾಕುವುದರಿಂದ ಬೀದಿಯ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನು ಅಂಗಡಿಯಲ್ಲಿ ತೋರಿಸಿಯೇ ಕೊಳ್ಳಿ.

ಸಣ್ಣ ಚಕ್ರ ನಿಧಾನವೇ?

ಪುಟ್ಟಿಗೆ ಇನ್ನೊಂದು ಅನುಮಾನವಿತ್ತು: ಸಣ್ಣ ಚಕ್ರವಾದರೆ ತುಳಿದೂ ತುಳಿದೂ ಸುಸ್ತಾಗುವುದಿಲ್ಲವೇ? ಇದಕ್ಕೂ ಲೆಕ್ಕವಿದೆ.

ಚಕ್ರ ಒಂದು ಸುತ್ತು ಉರುಳಿದರೆ ಅದರ ಅಗಲದ 3.14 ಪಟ್ಟು ದೂರ ಹೋಗುತ್ತದೆ. 20 ಇಂಚಿನದು ಸುಮಾರು 1.6 ಮೀಟರ್, 28 ಇಂಚಿನ ನನ್ನ ಹಳೆಯ ಸೈಕಲ್ಲಿನದು ಸುಮಾರು 2.2 ಮೀಟರ್. ಇನ್ನು ಹಲ್ಲುಗಳನ್ನು ಎಣಿಸಿ. ಈ ಸೈಕಲ್ಲಿನ ಪೆಡಲ್ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16. ಅಂದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಮೂರು ಸುತ್ತು, 4.8 ಮೀಟರ್ ದೂರ. ನನ್ನ ಹಳೆಯ ಸೈಕಲ್ಲಿನಲ್ಲಿ 44 ಮತ್ತು 18 ಹಲ್ಲು, ಸುಮಾರು 5.4 ಮೀಟರ್. ಅಂತರ ಇದೆ, ಆದರೆ ನಾವಂದುಕೊಂಡಷ್ಟಿಲ್ಲ. ಚಕ್ರದಲ್ಲಿ ಕಳೆದುಕೊಂಡದ್ದನ್ನು ಹಲ್ಲಿನಲ್ಲಿ ಸಂಪಾದಿಸಿದ್ದಾರೆ. ನಿಮ್ಮ ಸೈಕಲ್ಲಿನ ಹಲ್ಲನ್ನೂ ಎಣಿಸಿ ನೋಡಿ.

ನಿಜವಾದ ತೊಂದರೆ ಗುಂಡಿಗಳದ್ದು. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯೊಳಗೆ ಸಣ್ಣ ಚಕ್ರ ಇಳಿದುಬಿಡುತ್ತದೆ. ಹ್ಯಾಂಡಲ್ ಕೂಡ ಚುರುಕು. ಸ್ವಲ್ಪ ತಿರುಗಿಸಿದರೆ ಹೆಚ್ಚು ತಿರುಗುತ್ತದೆ. ಒಂದು ಕೈ ಬಿಟ್ಟು ಓಡಿಸುವ ಶೋಕಿ ಇದರಲ್ಲಿ ಬೇಡ.

ಹಾಳೆ ತುಂಬಿದ ಮೇಲೆ

ಅಂದು ಸಂಜೆ ಡೈರಿಯ ಎರಡೂ ಕಡೆ ಹೀಗೆ ತುಂಬಿತ್ತು.

ಎಡಗಡೆ: ಸೀಟು, ಹ್ಯಾಂಡಲ್ ಏರಿಸಿ ಇಳಿಸಬಹುದು, ಆದ್ದರಿಂದ ತಾತನಿಗೂ ಮೊಮ್ಮಗಳಿಗೂ ಒಂದೇ ಸೈಕಲ್ ಸಾಕು. ನಡುವಿನ ಕೊಳವೆ ತಗ್ಗು. ಕಾಲನ್ನು ಹಿಂದಿನಿಂದ ಬೀಸಿ ಹತ್ತಬೇಕಿಲ್ಲ, ನಿಂತರೆ ಎರಡೂ ಪಾದ ನೆಲಕ್ಕೆ ಊರುತ್ತವೆ. ಒಳಗಿಡಬಹುದು, ಕಳ್ಳರ ಭಯವಿಲ್ಲ. ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ.

ಬಲಗಡೆ: ಬೀಳುವ ಭಯ. ಭಾರ. ಗುಂಡಿ. ಕೀಲಿನ ಬಿಡಿಭಾಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮೆಟ್ರೋಗೆ ಆಗದು. ಕ್ಯಾರಿಯರ್ ಇಲ್ಲ.

ಯಾವುದಕ್ಕಾಗಿ ನಾನು ಸೈಕಲ್ ಬೇಕೆಂದಿದ್ದೆನೋ ಅದೇ ಬಲಗಡೆ ಸೇರಿತ್ತು. ಹಾಗಾದರೆ ಬೇಡ ಎಂದು ಡೈರಿ ಮುಚ್ಚಲು ಹೋದೆ. ಆಗ ಪುಟ್ಟಿ ಕೇಳಿದಳು: “ದೊಡ್ಡಜ್ಜಿ ಮನೆಗೆ ಹೋಗೋಕೆ ಸೈಕಲ್ಲೇ ಬೇಕು ಅಂತ ಯಾರು ಹೇಳಿದ್ದು ತಾತ?”

ಯೋಚಿಸಿದೆ. ಯಾರೂ ಹೇಳಿರಲಿಲ್ಲ. ಸೈಕಲ್ಲಿನ ಆಸೆ ಒಂದು, ಅಕ್ಕನನ್ನು ನೋಡುವ ಆಸೆ ಇನ್ನೊಂದು. ಎರಡನ್ನೂ ಒಂದೇ ಖಾತೆಗೆ ಬರೆದು ನಾನೇ ಗೊಂದಲ ಮಾಡಿಕೊಂಡಿದ್ದೆ. ಬೇರೆ ಬೇರೆ ಹಾಳೆಗೆ ಬರೆದಾಗ ಎರಡಕ್ಕೂ ದಾರಿ ಕಂಡಿತು.

ಮಾರುವವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ: “ಮೆಟ್ರೋಗೆ ಆಗೋದಿಲ್ಲ, ಟೈರು ಎರಡೂ ಹೋಗಿವೆ. ಆರು ಸಾವಿರ ಕೊಡ್ತೀನಿ.” ಒಪ್ಪಿದರು. ಹಣ ಕೊಟ್ಟು, ಚೌಕಟ್ಟಿನ ನಂಬರ್ ಸಹಿತ ಒಂದು ಚೀಟಿ ಬರೆಸಿ ಸಹಿ ಹಾಕಿಸಿಕೊಂಡೆ.

ಖರ್ಚು ಅಲ್ಲಿಗೇ ಮುಗಿಯಲಿಲ್ಲ. ಟೈರು ಟ್ಯೂಬುಗಳಿಗೆ 1,100. ಬ್ರೇಕ್ ರಬ್ಬರು, ಕೇಬಲಿಗೆ 350. ಬೆಂಡ್ ತೆಗೆದು ಗ್ರೀಸ್ ಹಾಕಿ ಸರ್ವಿಸ್ ಮಾಡಿದ್ದಕ್ಕೆ 400. ದೀಪ ಮತ್ತು ಬೆಲ್ 450. ಇಬ್ಬರಿಗೂ ಹೆಲ್ಮೆಟ್ 1,800. ಪುಟ್ಟಿ ಕೂಡಿಸಿ, “ಆರು ಸಾವಿರದ ಸೈಕಲ್ 10,100 ಆಯ್ತಲ್ಲ ತಾತ!” ಎಂದು ಕಣ್ಣರಳಿಸಿದಳು. ಸೆಕೆಂಡ್ ಹ್ಯಾಂಡ್ ಸಾಮಾನಿನ ಬೆಲೆ ಅಂದರೆ ಇದೇ. ಕೇಳಿದ ಬೆಲೆಯಲ್ಲ, ಓಡುವಂತೆ ಮಾಡಿದ ಮೇಲಿನ ಬೆಲೆ. ಆದರೂ ನ್ಯಾಯವಾಗಿ ಹೋಲಿಸಬೇಕು. ಹೆಲ್ಮೆಟ್ಟು, ದೀಪ, ಬೆಲ್ಲು ಹೊಸ ಸೈಕಲ್ಲಿಗೂ ಬೇಕೇ. ಅವನ್ನು ಬಿಟ್ಟರೆ ನಮಗೆ ಬಿದ್ದದ್ದು 7,850. ಆ ಬಿಲ್ಲಿನ 15,500ರ ಅರ್ಧಕ್ಕಿಂತ ತುಸು ಹೆಚ್ಚು.

ಮಗ ಮೂರು ಷರತ್ತು ಹಾಕಿದ: ಮುಖ್ಯರಸ್ತೆಗೆ ಇಳಿಯಬಾರದು, ಮಳೆಯಲ್ಲಿ ತೆಗೆಯಬಾರದು, ಹೆಲ್ಮೆಟ್ ಇಲ್ಲದೆ ಹತ್ತಬಾರದು. ಮೂರಕ್ಕೂ ಸಹಿ ಹಾಕಿದೆ. ಕೆಳಗಿನ ಮನೆಯವರು ತಮ್ಮ ಬಾಗಿಲ ಹಿಂದೆ ಜಾಗ ಕೊಟ್ಟಿದ್ದರಿಂದ ಮೆಟ್ಟಿಲು ಹೊರುವ ಕಷ್ಟ ತಪ್ಪಿತು. ಪೂರ್ತಿ ಸೈಕಲ್ ಇಡುತ್ತೇವೆಂದರೆ ಅವರಾದರೂ ಹೇಗೆ ಒಪ್ಪುತ್ತಿದ್ದರು?

ಈಗ ಐದು ತಿಂಗಳಾಯಿತು. ಬೆಳಿಗ್ಗೆ ಏಳರೊಳಗೆ ಹಾಲು, ತರಕಾರಿ ನನ್ನ ಪಾಲು. ಸಂಜೆ ಪುಟ್ಟಿಯ ಪಾಲು. ಹತ್ತುವ ಮೊದಲು ಕ್ಲಾಂಪ್ ಬಿಗಿಯಾಗಿದೆಯೇ ಎಂದು ಅವಳೇ ನೋಡುತ್ತಾಳೆ. ಸಾಮಾನು ತರಲು ಯಾರನ್ನೂ ಕೇಳಬೇಕಿಲ್ಲ.

ಮತ್ತೆ ಅಕ್ಕ? ಚೌಕಾಸಿಯಲ್ಲಿ ಉಳಿದ 2,000 ರೂಪಾಯಿಯನ್ನು ಒಂದು ಕವರಿನಲ್ಲಿ ಹಾಕಿ ಮೇಲೆ ‘ಅಕ್ಕ’ ಎಂದು ಬರೆದಿಟ್ಟೆ. ಎರಡೂ ತುದಿಗಳಲ್ಲಿ ಒಬ್ಬೊಬ್ಬ ಆಟೋದವರ ನಂಬರ್ ಇಟ್ಟುಕೊಂಡಿದ್ದೇನೆ. ಮೀಟರಿನ ಮೇಲೆ ಸ್ವಲ್ಪ ಹೆಚ್ಚು ಕೊಡುತ್ತೇನೆ, ಕರೆದರೆ ಬರುತ್ತಾರೆ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದೇನೆ.

ಹೋದ ತಿಂಗಳು ಎಲ್ಲರೂ ಕಾರಿನಲ್ಲಿ ಹೋದಾಗ ಪುಟ್ಟಿ ಡಿಕ್ಕಿಯಿಂದ ಸೈಕಲ್ ಇಳಿಸಿ ಅಕ್ಕನ ಮುಂದೆ ಬಿಚ್ಚಿ ನಿಲ್ಲಿಸಿದಳು. ಅಕ್ಕ ಸೀಟು ತಟ್ಟಿ ನೋಡಿದಳು, ಬೆಲ್ ಹೊಡೆದಳು, ಹಿಂದಕ್ಕೆ ಬಗ್ಗಿ ನೋಡಿದಳು.

“ಕ್ಯಾರಿಯರ್ ಇಲ್ವೇನೋ ಇದಕ್ಕೆ?”

ನಾನು ಅವಳ ಕಿವಿಯ ಹತ್ತಿರ ಬಾಗಿ ಜೋರಾಗಿ, “ಇಲ್ಲ ಅಕ್ಕ” ಅಂದೆ.

“ಸದ್ಯ! ಹಿಂದೆ ಕೂರಿಸಿಕೊಂಡು ಹೋಗಿ ಕೆರೆ ಏರಿ ಮೇಲೆ ಬೀಳಿಸಿದ್ದೆಯಲ್ಲ, ನನಗಿನ್ನೂ ನೆನಪಿದೆ!”

ಮನೆಗೆ ಬಂದ ಮೇಲೆ ಪುಟ್ಟಿ ಡೈರಿ ತೆಗೆದಳು. ಬಲಗಡೆ ಇದ್ದ ‘ಕ್ಯಾರಿಯರ್ ಇಲ್ಲ’ ಎಂಬುದನ್ನು ಹೊಡೆದುಹಾಕಿ ಎಡಗಡೆಗೆ ಬರೆದಳು.